ಕೂಗದ ಹುಂಜದ ಬೇಟೆ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಏಪ್ರಿಲ್ ತಿಂಗಳು ಕಾಡು ಟರ್ಕಿ ಕೋಳಿಗಳಿಗೆ ಬೆದೆಯ ಕಾಲ, ಅವುಗಳ ಬೆನ್ನು ಹತ್ತುವವರಿಗೆ ಬೇಟೆಯ ಕಾಲ. ನಸುಕಿನಲ್ಲಿ ಹುಂಜ ತಾನು ರಾತ್ರಿ ಕಳೆದ ಕೊಂಬೆಯ ಮೇಲಿಂದಲೇ ಗುಟುರು ಹಾಕುತ್ತದೆ. ಗಾಳಿಯಿಲ್ಲದ ದಿನ ಆ ಸದ್ದು ಒಂದು ಕಿಲೋಮೀಟರಿನಾಚೆಗೂ ಕೇಳಿಸುತ್ತದೆ. ಬೇಟೆಗಾರ ಆ ದನಿಯ ದಿಕ್ಕು ಹಿಡಿದು ಒಂದಷ್ಟು ದೂರ ಹೋಗಿ, ದಪ್ಪ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ಕೂಗನ್ನು ಅನುಕರಿಸಿ ಹುಂಜವನ್ನು ತನ್ನ ಕೋವಿಯ ಅಳತೆಗೆ ಕರೆಸಿಕೊಳ್ಳಬೇಕು. ಹೆಚ್ಚೆಂದರೆ ನಲವತ್ತು ಗಜ, ಅದಕ್ಕಿಂತ ದೂರದ ಈಡು ಹಕ್ಕಿಯನ್ನು ಗಾಯಗೊಳಿಸುವುದೇ ಹೆಚ್ಚು. ವಸಂತದ ಬೇಟೆಯ ಇಡೀ ಕಟ್ಟಳೆ ನಿಂತಿರುವುದು ಹುಂಜ ಕೂಗುತ್ತದೆ ಎಂಬ ನಂಬಿಕೆಯ ಮೇಲೆ. ಆದರೆ ಬೇಟೆ ಶುರುವಾಗಿ ಕೆಲವೇ ದಿನಗಳಲ್ಲಿ ಅದೇ ಕಾಡು ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಹಕ್ಕಿಗಳು ಜಾಗ ಖಾಲಿ ಮಾಡಿವೆ ಎಂದು ಮನೆಗೆ ಹೋಗುವುದು, ಇಲ್ಲವೇ ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ಕರೆಯುವುದು. ಈ ಎರಡೂ ತಪ್ಪು ಲೆಕ್ಕಾಚಾರಗಳು ಎಂಬುದು ನನ್ನ ವಾದ. ಹುಂಜ ಸುಮ್ಮನಾಗುವುದಕ್ಕೆ ಕಾರಣಗಳಿವೆ, ಆ ಕಾರಣಗಳಲ್ಲಿ ಬೇಟೆಗಾರನೂ ಒಬ್ಬ. ಹಾಗಿರುವಾಗ ಅವನು ಸದ್ದು ಹೆಚ್ಚಿಸಿದಷ್ಟೂ ಕಾಡು ಇನ್ನಷ್ಟು ಮೌನವಾಗುತ್ತದೆ.

ಬೇಟೆ ಎಂದರೆ ನಮಗೆ 1972ರ ವನ್ಯಜೀವಿ ಕಾಯ್ದೆಯ ನಂತರ ಹಿರಿಯರ ಬಾಯಲ್ಲಿ ಉಳಿದ ಮಾತು. ಅಮೆರಿಕದಲ್ಲಿ ಅದು ಸರ್ಕಾರಿ ಪರವಾನಗಿ, ನಿಗದಿತ ದಿನ, ನಿಗದಿತ ಸಂಖ್ಯೆಗಳೊಳಗೆ ನಡೆಯುವ ವ್ಯವಹಾರ. ಹಕ್ಕಿಯೂ ನಮಗೆ ಪೂರ್ತಿ ಅಪರಿಚಿತವೇನಲ್ಲ. ಮೆಕ್ಸಿಕೋದ ಮೂಲನಿವಾಸಿಗಳು ಪಳಗಿಸಿದ ಟರ್ಕಿಯನ್ನು ಸ್ಪೇನಿನವರು ಹದಿನಾರನೆಯ ಶತಮಾನದ ಆರಂಭದಲ್ಲಿ ಯೂರೋಪಿಗೆ ಒಯ್ದರು. 1612ರಲ್ಲಿ ಅಂಥದೊಂದು ಹಕ್ಕಿ ನಮ್ಮ ನೆರೆಯ ಗೋವಾದಿಂದ ಜಹಾಂಗೀರನ ಆಸ್ಥಾನ ತಲುಪಿತು. ಬೆದೆಗೆ ಬಂದಾಗ ಅದರ ತಲೆ ಕತ್ತುಗಳು ಬಣ್ಣ ಬದಲಿಸುವುದನ್ನು ಬಾದಶಹ ಬೆರಗಿನಿಂದ ಬರೆದಿಟ್ಟ, ಚಿತ್ರಕಾರ ಮನ್ಸೂರ್ ಅದನ್ನು ಚಿತ್ರಿಸಿದ. ತವರಿನಲ್ಲಿ ಮಾತ್ರ ಅದರ ಕಾಡು ಬಳಗ ಮುಂದೆ ಅಳಿವಿನಂಚಿಗೆ ಬಂತು. ಕಾಡು ಕಡಿದದ್ದು, ಲಂಗುಲಗಾಮಿಲ್ಲದೆ ಕೊಂದದ್ದು ಸೇರಿ 1930ರ ದಶಕದ ಹೊತ್ತಿಗೆ ಸುಮಾರು ಎರಡು ಲಕ್ಷ ಹಕ್ಕಿಗಳಷ್ಟೇ ಉಳಿದಿದ್ದವು. 1937ರ ಕಾನೂನಿನ ಮೂಲಕ ಕೋವಿ ಮತ್ತು ತೋಟೆಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹರಿಯತೊಡಗಿತು. 1950ರ ದಶಕದಿಂದ ಸಿಡಿಮದ್ದಿನ ಬಲದಿಂದ ಹಾರಿಬೀಳುವ ಬಲೆಗಳಲ್ಲಿ ಕಾಡುಹಕ್ಕಿಗಳನ್ನು ಹಿಡಿದು ಖಾಲಿಯಾಗಿದ್ದ ಕಾಡುಗಳಿಗೆ ಬಿಟ್ಟರು. ಈಗ ಅಲಾಸ್ಕಾ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲೂ ಅವು ಇವೆ, ಒಟ್ಟು ಸಂಖ್ಯೆ ಅರವತ್ತು ಲಕ್ಷದ ಆಸುಪಾಸು.

ಮೌನಕ್ಕೆ ಮೊದಲ ಕಾರಣ ಹೇಂಟೆಗಳು. ನಿಸರ್ಗದ ಕ್ರಮದಲ್ಲಿ ಹುಂಜ ಕೂಗುತ್ತದೆ, ಬಾಲದ ಗರಿಗಳನ್ನು ನವಿಲಿನಂತೆ ಬಿಚ್ಚಿ ನಿಲ್ಲುತ್ತದೆ, ಹೇಂಟೆಗಳು ಅದಿದ್ದಲ್ಲಿಗೆ ಬರುತ್ತವೆ. ಬೇಟೆಗಾರ ಕೇಳುತ್ತಿರುವುದು ಇದಕ್ಕೆ ತದ್ವಿರುದ್ಧ: ಹೇಂಟೆಯ ದನಿ ಒಂದೆಡೆ ನಿಂತಿರಬೇಕು, ಹುಂಜ ನಡೆದು ಬರಬೇಕು. ಮರದಿಂದಿಳಿದ ಹುಂಜಕ್ಕೆ ಕಣ್ಣೆದುರೇ ನಾಲ್ಕು ಹೇಂಟೆಗಳಿದ್ದರೆ ಕಾಣದ ಐದನೆಯದನ್ನು ಹುಡುಕಿ ಹೊರಡುವ ದರ್ದು ಅದಕ್ಕೇನಿದೆ? ಕೂಗುವುದೂ ಬೇಕಿಲ್ಲ. ನಸುಕಿನಲ್ಲಿ ಅಬ್ಬರಿಸಿದ ಹಕ್ಕಿ ನೆಲಕ್ಕಿಳಿದೊಡನೆ ಮಾಯವಾದಂತೆ ಅನ್ನಿಸುವುದು ಇದರಿಂದಲೇ. ಆದರೆ ಈ ಸ್ಥಿತಿ ದಿನವಿಡೀ ಇರುವುದಿಲ್ಲ. ಹೇಂಟೆ ನೆಲದ ಮೇಲಿನ ಗೂಡಿನಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ, ಮೊಟ್ಟೆಯಿಡಲು ಜೊತೆಯನ್ನು ಬಿಟ್ಟು ಒಂಟಿಯಾಗಿ ಹೋಗುತ್ತದೆ. ಮೊಟ್ಟೆಗಳೆಲ್ಲ ತುಂಬಿದ ಮೇಲೆ ಸುಮಾರು 28 ದಿನ ಕಾವು ಕೂರುತ್ತದೆ, ಮೇಯಲು ಸ್ವಲ್ಪ ಹೊತ್ತು ಎದ್ದರೆ ಎದ್ದೀತು. ಹೀಗೆ ಒಂದೊಂದಾಗಿ ಹೇಂಟೆಗಳು ಕಳಚಿಕೊಂಡಾಗ ಹುಂಜ ಮತ್ತೆ ಒಂಟಿ. ನಸುಕಿನಲ್ಲಿ ಹೇಂಟೆಗಳ ನಡುವೆ ಮೆರೆಯುತ್ತಿದ್ದ ಹಕ್ಕಿ ಹತ್ತು ಗಂಟೆಯ ಬಿಸಿಲಿನಲ್ಲಿ ಜೊತೆ ಹುಡುಕುತ್ತಿರುತ್ತದೆ. ಬೇಟೆಗಾರರಲ್ಲಿ ಅರ್ಧದಷ್ಟು ಜನ ಆ ಹೊತ್ತಿಗೆ ಎಲ್ಲೋ ತಿಂಡಿ ತಿನ್ನುತ್ತಿರುತ್ತಾರೆ ಎಂಬುದು ಬೇರೆ ಮಾತು.

ಎರಡನೆಯ ಕಾರಣ ಹೆದರಿಕೆ. ಹುಂಜಗಳಲ್ಲಿ ಮೇಲುಕೀಳಿನ ಕ್ರಮ ಕಟ್ಟುನಿಟ್ಟು. ಕಿರಿಯ ಹುಂಜ ಬಾಯಿ ಬಿಟ್ಟರೆ ಯಜಮಾನ ಹುಂಜ ಬಂದು ಕೊಕ್ಕು ಮುಳ್ಳುಗಾಲುಗಳಿಂದ ಬುದ್ಧಿ ಕಲಿಸುತ್ತದೆ, ಹಾಗಾಗಿ ಎಷ್ಟೋ ಹಕ್ಕಿಗಳು ಕದ್ದು ನಡೆದೇ ಬದುಕುತ್ತವೆ. ಕೂಗಿದರೆ ಹೇಂಟೆಗೆ ಮಾತ್ರ ಕೇಳಿಸುವುದಿಲ್ಲ, ತೋಳದ ಬಳಗದ ಕಯೋಟಿಗೂ ಕಾಡುಬೆಕ್ಕಿಗೂ ಕೇಳಿಸುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ ಮನುಷ್ಯನಿದ್ದಾನೆ. ಈಚಿನ ವರ್ಷಗಳಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲೇನ್ ಮತ್ತು ಸಂಗಡಿಗರು ಆಗ್ನೇಯ ಅಮೆರಿಕದ ಕಾಡುಗಳಲ್ಲಿ ತಾವಾಗಿಯೇ ಧ್ವನಿ ಮುದ್ರಿಸುವ ಯಂತ್ರಗಳನ್ನು ಮರಗಳಿಗೆ ಕಟ್ಟಿ, ಹುಂಜಗಳ ಕೂಗನ್ನು ತಿಂಗಳುಗಟ್ಟಲೆ ದಾಖಲಿಸಿದ್ದಾರೆ. ಬೇಟೆಗೆ ತೆರೆದ ಕಾಡಿನಲ್ಲಿ ಬೇಟೆ ಆರಂಭವಾದ ಮೇಲೆ ಕೂಗು ಇಳಿಯುತ್ತದೆ ಎಂದು ಈ ಬಗೆಯ ಅಧ್ಯಯನಗಳು ತೋರಿಸಿವೆ. ಇದಕ್ಕೆ ಎರಡು ವಿವರಣೆ ಸಾಧ್ಯ, ಎರಡೂ ಒಟ್ಟಿಗೇ ನಿಜವಿರಬಹುದು. ಹೆಚ್ಚು ಕೂಗುವ ಹಕ್ಕಿ ಮೊದಲು ಸಾಯುತ್ತದೆ. ಉಳಿದದ್ದು ಕೂಗಿನ ಬೆಲೆಯನ್ನು ಕಲಿಯುತ್ತದೆ. ಹೇಂಟೆಯ ದನಿ ಕೇಳಿ ನಡೆದುಹೋಗಿ ಒಮ್ಮೆ ಈಡಿನಿಂದ ತಪ್ಪಿಸಿಕೊಂಡ ಹುಂಜ ಅದೇ ದನಿಯ ಕಡೆಗೆ ಎರಡನೆಯ ಸಲ ಉತ್ಸಾಹದಿಂದ ಬರಲಾರದು.

ಕಾರಣ ಇದಾದರೆ ಮದ್ದೂ ಅದಕ್ಕೆ ತಕ್ಕಂತಿರಬೇಕು. ಮರದ ಪುಟ್ಟ ಪೆಟ್ಟಿಗೆಯ ಮೇಲೆ ಮುಚ್ಚಳ ಉಜ್ಜಿಯೋ, ಸ್ಲೇಟಿನ ಮೇಲೆ ಕಡ್ಡಿ ಎಳೆದೋ, ಅಂಗುಳಿಗೆ ಒತ್ತಿಟ್ಟ ತೆಳುಪೊರೆಯನ್ನು ಊದಿಯೋ ಹೇಂಟೆಯ ದನಿ ಹೊರಡಿಸುವುದು ಬೇಟೆಗಾರರ ಹೆಮ್ಮೆಯ ವಿದ್ಯೆ. ಅದನ್ನು ಪ್ರದರ್ಶಿಸುವ ಚಪಲ ಸಹಜವೇ. ಕೂಗದ ಹುಂಜದ ಮುಂದೆ ಮಾತ್ರ ಈ ವಿದ್ಯೆ ಹಿಂದೆ ಸರಿದು ಕಣ್ಣಿಗೆ ಕೆಲಸ ಕೊಡಬೇಕು. ಕೆದಕಿ ತಿರುವಿದ ತರಗೆಲೆಯ ಕೆಳಗಿನ ಮಣ್ಣು ಇನ್ನೂ ಹಸಿಯಾಗಿದೆಯೇ, ಧೂಳಿನ ದಾರಿಯಲ್ಲಿ ಹೆಜ್ಜೆಗಳ ಎರಡೂ ಬದಿಗೆ ರೆಕ್ಕೆಯ ತುದಿ ಎಳೆದ ಗೆರೆಗಳಿವೆಯೇ, ಮಣ್ಣುಸ್ನಾನ ಮಾಡಿದ ಗುಳಿಗಳೆಲ್ಲಿವೆ? ಹಿಕ್ಕೆಯೂ ಸುಳಿವು ಕೊಡುತ್ತದೆ. ಹುಂಜದ್ದು ಉದ್ದವಾಗಿ ತುದಿಯಲ್ಲಿ ಬಾಗಿರುತ್ತದೆ, ಹೇಂಟೆಯದು ಸುರುಳಿಯಾಗಿ ಬಿದ್ದಿರುತ್ತದೆ. ಇಂಥ ಗುರುತು ಸಿಕ್ಕಲ್ಲಿ ಎರಡು ಮೂರು ಗಂಟೆ ಅಲುಗದೆ ಕೂರುವುದು, ನಡುನಡುವೆ ಮೇಯುತ್ತಿರುವ ಹೇಂಟೆಯಂತೆ ಮೆಲ್ಲಗೆ ಒಂದೆರಡು ಸಲ ಕುಟುಕು ದನಿ ಮಾಡುವುದು, ಕೈಯಿಂದ ಎಲೆ ಕೆದಕುವುದು, ಇಷ್ಟು ಸಾಕು. ಗೂಬೆ, ಕಾಗೆ, ಗುಡುಗಿನ ಸದ್ದಿಗೆ ಹುಂಜ ಬೆಚ್ಚಿ ತನಗರಿವಿಲ್ಲದೆ ಗುಟುರು ಹಾಕುವುದುಂಟು. ಹಾಗಾಗಿ ಗೂಬೆಯ ದನಿ ಅನುಕರಿಸಿ ಜಾಗ ಪತ್ತೆ ಮಾಡುವ ಉಪಾಯವೂ ಹಳೆಯದು. ಅದೂ ಫಲಿಸದಿದ್ದರೆ ಕಿವಿಗೆ ಉಳಿಯುವುದು ಇನ್ನೊಂದೇ ಸದ್ದು: ಗರಿ ಬಿಚ್ಚಿ ನಿಂತ ಹುಂಜ ಎದೆಯೊಳಗಿಂದ ಹೊರಡಿಸುವ, ಕೇಳಿಸುವುದಕ್ಕಿಂತ ಮೈಗೆ ತಾಗುವಂಥ ಮಂದ್ರ ಗುಂಯ್ ನಾದ. ಅದು ಕೇಳಿಸಿತೆಂದರೆ ಹಕ್ಕಿ ತೀರ ಹತ್ತಿರದಲ್ಲಿದೆ ಎಂದರ್ಥ. ಅದರ ಮೂಗು ಮಂದವಾದರೂ ಕಣ್ಣು ಬಲು ಚುರುಕು, ಕೋವಿ ಎತ್ತಲು ಆಗ ಹೊರಟರೆ ಕೆಲಸ ಕೆಟ್ಟಂತೆ.

ಇದು ಬೇಟೆಯಲ್ಲ, ಬರೀ ಹೊಂಚು ಎಂದು ಹಳೆಯ ತಲೆಯವರು ಮೂಗು ಮುರಿಯುತ್ತಾರೆ. ಹಕ್ಕಿಯೊಡನೆ ಮಾತಾಡಿ ಅದನ್ನು ಒಲಿಸಿ ಕರೆಸಿಕೊಳ್ಳುವುದೇ ಈ ಆಟದ ಜೀವ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಎಲ್ಲಿ ಕೂರಬೇಕೆಂದು ತಿಳಿಯಲು ಹಕ್ಕಿಯ ದಿನಚರಿಯನ್ನು ಓದಲೇಬೇಕು. ಅದು ಕೂಗಿದ ಕಡೆಗೆ ಓಡುವುದಕ್ಕಿಂತ ಕಷ್ಟದ ಓದು. ಜೊತೆಗೆ ಕಾದು ಕೂರುವುದರಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಪೊದೆಯ ಹಿಂದಿನ ಹೇಂಟೆಯ ದನಿ ಇನ್ನೊಬ್ಬ ಬೇಟೆಗಾರನದಾಗಿರಬಹುದು. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬೇಡಿ ಎಂದು ಅಲ್ಲಿನ ಸುರಕ್ಷತಾ ಪಾಠಗಳಲ್ಲಿ ಹೇಳಿಕೊಡುವುದು ಇದಕ್ಕೇ. ಪೆನ್ಸಿಲ್ವೇನಿಯಾದಲ್ಲಿ ವಸಂತಕಾಲದಲ್ಲಿ ಟರ್ಕಿಯನ್ನು ಕರೆದೇ ಹೊಡೆಯಬೇಕು, ಹಿಂಬಾಲಿಸಿ ನುಸುಳಿ ಹೊಡೆಯುವುದು ಕಾನೂನುಬಾಹಿರ. ಹಕ್ಕಿ ಸುಮ್ಮನಿದೆ ಎಂದು ಬೇಸತ್ತು ಕಾಡೆಲ್ಲ ಸುತ್ತುವವನೇ ಅಲ್ಲಿ ಹೆಚ್ಚು ಅಪಾಯಕಾರಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೌನಕ್ಕೆ ಇಷ್ಟೆಲ್ಲ ಕಾರಣ ಹುಡುಕುವುದೇಕೆ, ಹಕ್ಕಿಗಳೇ ಕಡಿಮೆಯಾಗಿವೆ ಎಂದು ಒಪ್ಪಿಕೊಳ್ಳಬಾರದೇ? ಕೆಲವೆಡೆ ಕಡಿಮೆಯಾಗಿರುವುದು ನಿಜ, ಅದರಲ್ಲೂ ಆಗ್ನೇಯ ರಾಜ್ಯಗಳಲ್ಲಿ. ಆದರೆ ಅದನ್ನು ಅಲ್ಲಿನ ಇಲಾಖೆಗಳು ತಿಳಿದುಕೊಂಡದ್ದು ಏಪ್ರಿಲ್‌ನ ಮೌನದಿಂದಷ್ಟೇ ಅಲ್ಲ. ಬೇಸಿಗೆಯಲ್ಲಿ ಒಂದೊಂದು ಹೇಂಟೆಯ ಹಿಂದೆ ಎಷ್ಟು ಮರಿಗಳಿವೆ ಎಂದು ಎಣಿಸಿಯೂ ತಿಳಿದುಕೊಂಡವು. ಆ ಎಣಿಕೆ ವರ್ಷ ವರ್ಷವೂ ಇಳಿದದ್ದೇ ಕಳವಳಕ್ಕೆ ಕಾರಣ. ಜಾರ್ಜಿಯಾ 2022ರಲ್ಲಿ ಒಬ್ಬರಿಗೆ ಮೂರಿದ್ದ ಹುಂಜಗಳ ಮಿತಿಯನ್ನು ಎರಡಕ್ಕೆ ಇಳಿಸಿತು, ಟೆನೆಸೀ 2023ರಲ್ಲಿ ಬೇಟೆಯ ಆರಂಭವನ್ನೇ ಎರಡು ವಾರ ಮುಂದೂಡಿತು. ಯಜಮಾನ ಹುಂಜಗಳನ್ನು ಸಂಭೋಗಕ್ಕೆ ಮೊದಲೇ ಹೊಡೆಯುವುದರಿಂದ ಮರಿಗಳು ಕಡಿಮೆಯಾಗುತ್ತಿವೆ ಎಂಬ ಊಹೆ ಇಂಥ ಮುಂದೂಡಿಕೆಯ ಹಿಂದಿತ್ತು. ಆದರೆ ಟೆನೆಸೀಯಲ್ಲೇ ಕೆಲವು ಜಿಲ್ಲೆಗಳಲ್ಲಿ ಮೊದಲು ಪ್ರಯೋಗವಾಗಿ ಬೇಟೆಯನ್ನು ತಡಮಾಡಿ ನೋಡಿದ ವಿಜ್ಞಾನಿಗಳಿಗೆ ಗೂಡುಗಳ ಯಶಸ್ಸಿನಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಮೊಟ್ಟೆ ಮರಿಗಳನ್ನು ತಿನ್ನುವ ಪ್ರಾಣಿಗಳು, ಮರಿಗಳು ಅಡಗಲು ಹುಳ ಹೆಕ್ಕಲು ಬೇಕಾದ ಹುಲ್ಲುಪೊದೆಗಳ ಕೊರತೆ, ಮಳೆ ಚಳಿ, ಇವುಗಳ ಪಾಲೆಷ್ಟು ಎಂಬ ಚರ್ಚೆ ಅಲ್ಲಿ ಇನ್ನೂ ನಡೆದಿದೆ. ಈ ಚರ್ಚೆ ಹೇಗೇ ಮುಗಿಯಲಿ, ನ್ಯೂಯಾರ್ಕ್‌ನಂಥ ರಾಜ್ಯ ವಸಂತದ ಬೇಟೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲಿಸುವ ನಿಯಮವನ್ನು ಉಳಿಸಿಕೊಂಡಿದೆ. ಹಾಗಾಗಿ ಅಲ್ಲಿ ಹತ್ತು ಗಂಟೆಯ ಒಂಟಿ ಹುಂಜಕ್ಕಾಗಿ ಕಾಯುವವನಿಗೆ ಸಿಗುವುದು ಎರಡೇ ಗಂಟೆ, ಉಳಿದ ಹೊತ್ತೆಲ್ಲ ಕಾಡು ಹೇಂಟೆಗಳ ಪಾಲು.