‘ಅಂತ’ ಉದುರಿದ ಮೇಲೆ

ಇಳಕಲ್ಲಿನ ಚಹಾದಂಗಡಿಯಿರಲಿ, ಬಾದಾಮಿಯ ಬಸ್‌ ನಿಲ್ದಾಣವಿರಲಿ, ಚುನಾವಣೆ ಹತ್ತಿರ ಬಂತೆಂದರೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ಸಾಹೇಬ್ರಿಗೆ ಆರಾಮಿಲ್ಲಂತ.’ ಬಾಲದಲ್ಲಿರುವ ಆ ‘ಅಂತ’ವನ್ನು ಗಮನಿಸಿ. ಹೇಳಿದವನ ಮೇಲೆ ಹೊಣೆಯಿಲ್ಲ. ಯಾರೋ ಅಂದದ್ದನ್ನು ದಾಟಿಸಿದ್ದಾನೆ, ಅಷ್ಟೆ. ನಾಲ್ಕು ಮೊಬೈಲ್‌ ದಾಟುವಷ್ಟರಲ್ಲಿ ‘ಅಂತ’ ಉದುರುತ್ತದೆ, ‘ಆರಾಮಿಲ್ಲ’ ಮಾತ್ರ ಉಳಿಯುತ್ತದೆ.

ಇದನ್ನು ಮನಶ್ಶಾಸ್ತ್ರ ಅಳೆದು ನೋಡಿದೆ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ಹೆಚ್ಚು ನಿಜವೆನ್ನಿಸುತ್ತದೆ ಎಂದು ಹ್ಯಾಶರ್, ಗೋಲ್ಡ್‌ಸ್ಟೈನ್, ಟೊಪ್ಪಿನೊ 1977ರಲ್ಲೇ ತೋರಿಸಿದರು. 2018ರಲ್ಲಿ ‘ಸೈನ್ಸ್‌’ ಪತ್ರಿಕೆಯಲ್ಲಿ ಬಂದ ಅಧ್ಯಯನ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1.26 ಲಕ್ಷ ಸುದ್ದಿಗಳ ಜಾಡು ಹಿಡಿಯಿತು. ಸುಳ್ಳು ಸುದ್ದಿಯನ್ನು ಮಂದಿ ಮುಂದಕ್ಕೆ ಹಂಚುವ ಸಾಧ್ಯತೆ ನಿಜದ್ದಕ್ಕಿಂತ ಶೇ 70ರಷ್ಟು ಹೆಚ್ಚು ಎಂಬುದು ಅದರ ಲೆಕ್ಕ. ಟ್ವಿಟರ್‌ನಲ್ಲಿ (ಈಗ ಎಕ್ಸ್) ಕನಿಷ್ಠ ಜಾಡಾದರೂ ಸಿಗುತ್ತದೆ. ವಾಟ್ಸ್‌ಆ್ಯಪ್‌ ಗುಂಪಿನೊಳಗೆ ಏನು ಓಡಾಡುತ್ತಿದೆ ಎಂಬುದು ಹೊರಗಿನವರಿಗೆ ಕಾಣುವುದೇ ಇಲ್ಲ.

ಇದರಿಂದ ಎಷ್ಟು ಹಾನಿಯಾದೀತು? 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯ ಶ್ರೀರಾಮುಲು ಅವರನ್ನು ಸೋಲಿಸಿದ ಅಂತರ 1,696 ಮತ. ಅಂದರೆ 849 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬೇರೆ. ಒಂದು ಖೊಟ್ಟಿ ಸ್ಕ್ಯಾನ್‌ ರಿಪೋರ್ಟು, ಅಭ್ಯರ್ಥಿಯ ದನಿಯನ್ನು ನಕಲು ಮಾಡಿದ ಒಂದು ಆಡಿಯೊ ಅಷ್ಟು ಜನರನ್ನು ಮುಟ್ಟಲು ಒಂದು ಸಂಜೆ ಸಾಕು.

ಪರಿಹಾರಕ್ಕೆ ಹಿಡಿಯುವ ಕಾಲ ಬೇರೆ. ಬಾಗಲಕೋಟೆಯ ಎಚ್‌.ವೈ. ಮೇಟಿ ವಿಡಿಯೊ ಪ್ರಕರಣವೊಂದರಲ್ಲಿ 2016ರ ಡಿಸೆಂಬರ್‌ನಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸಿಐಡಿ ಕ್ಲೀನ್‌ ಚಿಟ್‌ ನೀಡಿದ್ದು ತಿಂಗಳುಗಳ ಬಳಿಕ. ಅಧಿಕಾರದ ದುರ್ಬಳಕೆ ಆಯಿತೇ ಎಂದು ಕೇಳುವುದು ನ್ಯಾಯವೇ. ಆದರೆ ಉತ್ತರ ಬರುವ ಮೊದಲೇ ಊರು ತೀರ್ಪು ಕೊಟ್ಟಿರುತ್ತದೆ. ಮತದಾನ ಮುಗಿಯುವ ಹಿಂದಿನ 48 ಗಂಟೆ ಬಹಿರಂಗ ಸಭೆ ನಡೆಸುವಂತಿಲ್ಲ, ಫಾರ್ವರ್ಡ್‌ ಮಾತ್ರ ನಿಲ್ಲುವುದಿಲ್ಲ. ನಕಲಿ ದೃಶ್ಯ–ಧ್ವನಿ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕೆಂದು ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಹೇಳಿತು. ಪಕ್ಷದ ಹೆಸರಿಲ್ಲದ ನಂಬರಿನಿಂದ ಬಂದದ್ದನ್ನು ತೆಗೆಯುವವರು ಯಾರು?

ವದಂತಿ ಬೆಳೆಯುವುದು ಖಾಲಿ ಬಿಟ್ಟ ಹೊಲದಲ್ಲಿ. 2002 ಮತ್ತು 2003ರ ಸುಪ್ರೀಂ ಕೋರ್ಟ್‌ ತೀರ್ಪುಗಳ ಬಳಿಕ ಅಭ್ಯರ್ಥಿ ನಮೂನೆ 26ರ ಪ್ರಮಾಣಪತ್ರ ಕೊಡಲೇಬೇಕು. ಅದರಲ್ಲಿ ಕ್ರಿಮಿನಲ್‌ ಪ್ರಕರಣ, ವಿದ್ಯಾರ್ಹತೆ, ತನ್ನ, ಸಂಗಾತಿಯ ಮತ್ತು ಅವಲಂಬಿತರ ಆಸ್ತಿ–ಸಾಲ, ಸರ್ಕಾರಿ ಮನೆಯ ಬಾಡಿಗೆ, ಕರೆಂಟಿನ ಬಾಕಿಯವರೆಗೆ ಎಲ್ಲಕ್ಕೂ ಅಂಕಣವಿದೆ. ಆರೋಗ್ಯಕ್ಕೆ ಒಂದು ಸಾಲೂ ಇಲ್ಲ.

ಹಾಗಾದರೆ ಎಲ್ಲರಿಂದಲೂ ವೈದ್ಯಕೀಯ ವರದಿ ಕೇಳೋಣವೇ? ಸಾಕ್ಷ್ಯ ಆ ಕಡೆಗಿಲ್ಲ. ನಿಯಮಿತವಾಗಿ ಆರೋಗ್ಯ ವರದಿ ಕೊಡುವೆನೆಂದು ಮಾತು ಕೊಟ್ಟಿದ್ದ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ 1981ರಲ್ಲೇ ಪತ್ತೆಯಾದ ಕ್ಯಾನ್ಸರನ್ನು ವರ್ಷಗಟ್ಟಲೆ ಮುಚ್ಚಿಟ್ಟರು. ವರದಿಗಳು ಮಾತ್ರ ತಪ್ಪದೆ ಬರುತ್ತಿದ್ದವು. ನಮ್ಮದೇ ಬಾಗಲಕೋಟೆ ಜಿಲ್ಲೆಯಲ್ಲಿ ಜಮಖಂಡಿಯಿಂದ ಗೆದ್ದ ಸಿದ್ದು ನ್ಯಾಮಗೌಡ 2018ರ ಮೇ 28ರಂದು, ಫಲಿತಾಂಶ ಬಂದು ಹದಿಮೂರೇ ದಿನಕ್ಕೆ, ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಯಾವ ರಕ್ತಪರೀಕ್ಷೆ ಅದನ್ನು ಮುಂಚೆ ಹೇಳೀತು? ಅತ್ತ ಕುಮಾರಸ್ವಾಮಿ 2024ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡರು. ವಿಷಯ ನಾಡಿಗೆಲ್ಲ ತಿಳಿದಿತ್ತು, ಮಂಡ್ಯ ಅವರನ್ನೇ ಆರಿಸಿತು. ತಾವಾಗಿಯೇ ತೆರೆದಿಟ್ಟ ಕಾಯಿಲೆ ವದಂತಿಯ ಹಲ್ಲು ಕೀಳುತ್ತದೆ.

ಹಾಗಿದ್ದರೆ ಎಲ್ಲಿ ಗೆರೆ ಎಳೆಯಬೇಕು? ಮಾದರಿ ನೀತಿಸಂಹಿತೆಯಲ್ಲೇ ಅಳತೆಗೋಲಿದೆ: ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದು. ಅದೇ ಕೋಲಿನಿಂದ ಅಳೆಯೋಣ. ಶಾಸಕರು ಎಷ್ಟು ದಿನ ಸದನದಲ್ಲಿದ್ದರು, ಹುನಗುಂದದ ಜನ ಅಹವಾಲು ತಂದಾಗ ಸಿಕ್ಕರೇ ಎಂದು ಕೇಳಬಹುದು. ಯಾವ ಗುಳಿಗೆ ನುಂಗುತ್ತಾರೆ ಎಂದು ಕೇಳಬೇಕಿಲ್ಲ. ಹೆಂಡತಿ, ಮಗ, ಅಳಿಯ ಗುತ್ತಿಗೆ ಹಿಡಿದಿದ್ದರೆ ಕೇಳಲೇಬೇಕು. ಸೊಸೆ ತವರಿಗೆ ಏಕೆ ಹೋದಳು ಎಂಬುದು ನಮ್ಮ ಪ್ರಶ್ನೆಯಲ್ಲ. ಪರೀಕ್ಷಿಸದೆ ಯಾರ ಬಗ್ಗೆಯೂ ರೋಗನಿರ್ಣಯ ಹೇಳಬಾರದೆಂದು ಅಮೆರಿಕದ ಮನೋವೈದ್ಯರ ಸಂಘ 1973ರಿಂದ ತನ್ನ ಸದಸ್ಯರನ್ನು ಕಟ್ಟಿಹಾಕಿದೆ. ವೈದ್ಯರೇ ಹಿಂಜರಿಯುವ ಕಡೆ ನಾವು ಕಟ್ಟೆಯ ಮೇಲೆ ಕೂತು ಕಿಡ್ನಿಯ ಲೆಕ್ಕ ಹಾಕುತ್ತೇವೆ.

ಮುಂದೆ ಕಾದಿರುವ ಪೆಟ್ಟು ವಿಧಾನಸಭೆಯದ್ದಷ್ಟೇ ಅಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಚುನಾವಣೆ ನಡೆದಾಗ ಅರ್ಧದಷ್ಟು ಸ್ಥಾನ ಮಹಿಳೆಯರದ್ದು, ಗೆಲುವಿನ ಅಂತರವೂ ಸಣ್ಣದು. ಗಂಡಸಿನ ಬಗ್ಗೆ ‘ಆರಾಮಿಲ್ಲಂತ’ ಎನ್ನುವ ಬಾಯಿ ಹೆಂಗಸಿನ ಬಗ್ಗೆ ಅಷ್ಟಕ್ಕೇ ನಿಲ್ಲುವುದಿಲ್ಲ. ಗುಳೇದಗುಡ್ಡದ ಖಣ ನೇಯುವ ಮನೆಯ ಹೆಣ್ಣುಮಗಳು ನಾಮಪತ್ರ ಹಾಕಿದ ರಾತ್ರಿಯೇ ಅವಳ ಮುಖ ಅಂಟಿಸಿದ ವಿಡಿಯೊ ಹೊರಟರೆ, ಮರುದಿನ ನಾಮಪತ್ರ ಹಿಂಪಡೆಯಲು ಮನೆಯವರೇ ಒತ್ತಾಯಿಸಿಯಾರು. ಆ ಸೋಲು ಯಾವ ಎಣಿಕೆಯ ಪಟ್ಟಿಯಲ್ಲೂ ಬರುವುದಿಲ್ಲ.

ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅಭ್ಯರ್ಥಿಯ ಚಾರಿತ್ರ್ಯದ ಬಗ್ಗೆ ಎದುರಾಳಿಯೋ ಅವರ ಏಜೆಂಟರೋ ಅವರ ಒಪ್ಪಿಗೆ ಪಡೆದವರೋ ತಿಳಿದೂ ಸುಳ್ಳು ಹಬ್ಬಿಸುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಸೆಕ್ಷನ್‌ ಪ್ರಕಾರ ಭ್ರಷ್ಟ ಆಚರಣೆ. ಅದರ ದೂರು ಹೈಕೋರ್ಟಿಗೆ ಹೋಗುವುದು ಫಲಿತಾಂಶದ ಬಳಿಕ. ಅದಕ್ಕೂ ಮೊದಲು ಕೆಲಸ ಮಾಡಬಲ್ಲ ಕಾನೂನು ಚಹಾದಂಗಡಿಯಲ್ಲೇ ಇದೆ. ‘ಆರಾಮಿಲ್ಲಂತ’ ಎಂದವನಿಗೆ ಗ್ಲಾಸು ಕೆಳಗಿಡುವ ಮುನ್ನವೇ ಕೇಳಬೇಕು: ‘ಯಾರ್‌ ಅಂದ್ರಪಾ?’