ಅಂಕೆ ಮೀರಿದ ಅಂಕಿ

ಒಂದು ಭಾಗಾಕಾರದಿಂದ ಒಬ್ಬ ಮನುಷ್ಯನು ಲೋಕಪ್ರಸಿದ್ಧನಾಗಬಹುದೆಂದು ಹೇಳಿದರೆ ಗಣಿತದ ಉಪಾಧ್ಯಾಯರೂ ನಂಬಲಾರರು. ಆದರೆ 2020ನೆಯ ಇಸವಿಯಲ್ಲಿ ಕನ್ನಡನಾಡಿನಲ್ಲಿ ನಡೆದುದು ಇದೇ.

ಆ ವರ್ಷದ ಫೆಬ್ರುವರಿ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಐಕಳದಲ್ಲಿ ಕಂಬಳ ಜರುಗಿತು. ಮೂಡುಬಿದಿರೆಯ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಅಂದು ಒಂದು ಜೊತೆ ಕೋಣಗಳನ್ನು 142.5 ಮೀಟರ್ ಉದ್ದದ ಕೆಸರಿನ ಕರೆಯಲ್ಲಿ 13.62 ಸೆಕೆಂಡುಗಳಲ್ಲಿ ಓಡಿಸಿದರು. ಗೌಡರಿಗೆ ಆಗ 28ರ ಪ್ರಾಯ. ಕಟ್ಟಡದ ಕೆಲಸ ಜೀವನೋಪಾಯ, ಕಂಬಳ ಜೀವದ ಹವ್ಯಾಸ. ಆ ಋತುವಿನ ಒಂದು ಉತ್ತಮ ಓಟವೆಂದು ಕರಾವಳಿಯವರು ಮೆಚ್ಚಿದರು. ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಯಾರೋ ಒಬ್ಬರಿಗೆ ಭಾಗಿಸುವ ಬುದ್ಧಿ ಬಂದಿತು. 142.5 ಮೀಟರಿಗೆ 13.62 ಸೆಕೆಂಡಾದರೆ 100 ಮೀಟರಿಗೆ ಎಷ್ಟು? 9.55! ಜಮೈಕದ ಉಸೇನ್ ಬೋಲ್ಟ್ 2009ರ ಆಗಸ್ಟಿನಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಇನ್ನೇನು ಬೇಕು? ‘ಬೋಲ್ಟನನ್ನು ಮೀರಿಸಿದ ಕನ್ನಡಿಗ’ ಎಂಬ ಸುದ್ದಿ ಕೈಯಿಂದ ಕೈಗೆ, ದೂರವಾಣಿಯಿಂದ ದೂರವಾಣಿಗೆ ಹಾರಿತು. ವಿದೇಶದ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು. (ಒಂದು ಮಾತು: ಸರಿಯಾಗಿ ಭಾಗಿಸಿದರೆ ಬರುವುದು 9.5579. ಓಟದ ಪಂದ್ಯಗಳಲ್ಲಿ ಇಂತಹ ಉಳಿಕೆಯನ್ನು ಮೇಲಕ್ಕೇರಿಸಿ 9.56 ಎಂದು ಬರೆಯುವುದು ನಿಯಮ. ಸುದ್ದಿಗಾರರು ಅದನ್ನು ಕೆಳಕ್ಕಿಳಿಸಿದರು. ನೂರನೆಯ ಒಂದು ಸೆಕೆಂಡಿಗಾಗಿ ಓಟಗಾರರು ವರ್ಷಗಟ್ಟಲೆ ಬೆವರು ಸುರಿಸುತ್ತಾರೆ. ಇಲ್ಲಿ ಅದು ಲೇಖನಿಯ ತುದಿಯಲ್ಲಿ ದೊರೆಯಿತು.)

ಗಮನಿಸಬೇಕಾದ ಸಂಗತಿಯೆಂದರೆ, ಈ ಸುದ್ದಿಯಲ್ಲಿ ಯಾರೂ ಹಸಿ ಸುಳ್ಳನ್ನು ಹೇಳಲಿಲ್ಲ. ಗೌಡರು ಓಡಿದ್ದು ನಿಜ, ಅಳತೆ ನಿಜ, ಹೊತ್ತು ನಿಜ, ಬೋಲ್ಟನ ದಾಖಲೆಯೂ ನಿಜ. ನಿಜಗಳನ್ನೇ ಒಂದರ ಪಕ್ಕದಲ್ಲೊಂದು ಇರಿಸಿ, ನಡುವೆ ಇದ್ದ ಎರಡು ಕೋಣಗಳನ್ನು ಮಾತ್ರ ಮರೆತುಬಿಟ್ಟರು.

ತಿಕೋಟಾ ತಾಲೂಕಿನ ಘೋಣಸಗಿಯಂತಹ ಬಯಲುಸೀಮೆಯ ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಕಂಬಳದ ಪರಿಚಯ ಅಷ್ಟಾಗಿ ಇರಲಾರದು. ನೀರು ಕೆಸರು ತುಂಬಿದ ಉದ್ದನೆಯ ಗದ್ದೆಯೇ ಕರೆ. ಹೊರಡುವ ಕಡೆಗೆ ಗಂತು ಎಂದೂ ಮುಟ್ಟುವ ಕಡೆಗೆ ಮಂಜೊಟ್ಟಿ ಎಂದೂ ಹೆಸರು. ಪಕ್ಕಪಕ್ಕದಲ್ಲಿ ಎರಡು ಕರೆಗಳಿದ್ದರೆ ಜೋಡುಕರೆ. ಎರಡು ಜೊತೆ ಕೋಣಗಳು ಒಟ್ಟಿಗೆ ಹೊರಡುತ್ತವೆ. ಅವುಗಳ ಹಿಂದೆ ಹಗ್ಗವನ್ನೋ ನೇಗಿಲನ್ನೋ ಹಿಡಿದು ಬರಿಗಾಲಿನ ಓಟಗಾರನು ಧಾವಿಸುತ್ತಾನೆ. ಹೊತ್ತನ್ನು ಅಳೆಯುವುದು ಯಾವ ಜೊತೆ ಮುಂದಾಯಿತೆಂಬುದನ್ನು ತಿಳಿಯಲು. ಗೆಲುವನ್ನು ಸಾರುವುದು ಕೋಣಗಳ ಯಜಮಾನನ ಮನೆತನದ ಹೆಸರಿನಲ್ಲಿ. ವಿಜಯಪುರ, ಬಾಗಲಕೋಟೆಗಳ ಕಡೆಯ ತೆರಬಂಡಿಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ಎಷ್ಟು ದೂರ ಎಳೆದವೆಂದು ಜನ ಅಳೆಯುತ್ತಾರೆ. ಹುರಿದುಂಬಿಸುತ್ತ ಜೊತೆಯಲ್ಲಿ ಓಡುವವನಿಗೆ ಶಹಬಾಸ್ ಎನ್ನುತ್ತಾರೆ. ಬಂಡಿಯನ್ನು ಅವನೇ ಎಳೆದನೆಂದು ಯಾರೂ ಹೇಳುವುದಿಲ್ಲ.

ಕೆಸರಿನಲ್ಲಿ ಓಡಿದ್ದರಿಂದ ಸಾಧನೆ ಇನ್ನೂ ದೊಡ್ಡದೆಂದು ವಾದಿಸಿದವರೂ ಉಂಟು. ಕೆಸರಿನಲ್ಲಿ ಒಂಟಿಯಾಗಿ ಓಡಿದವನ ವೇಗ ಕುಗ್ಗಬೇಕಲ್ಲದೆ ಹೆಚ್ಚಲಾರದು. ಹೆಚ್ಚಿದೆಯೆಂದರೆ ಮುಂದೆ ಎಳೆಯುವ ಬಲ ಒಂದಿದೆಯೆಂದೇ ಅರ್ಥ. ಆ ಬಲದ ಹಿಂದೆ ಆಯ ತಪ್ಪದೆ, ಹಗ್ಗ ಬಿಡದೆ ಕೊನೆಯ ತನಕ ನಿಲ್ಲುವುದೇ ಕಂಬಳದ ವಿದ್ಯೆ. ಅದು ಸಾಮಾನ್ಯ ವಿದ್ಯೆಯೇನೂ ಅಲ್ಲ. ಆದರೆ ಅದು 100 ಮೀಟರ್ ಓಟವಲ್ಲ.

ಹೊರಗಿನ ನೆರವನ್ನು ಕ್ರೀಡಾಶಾಸ್ತ್ರ ಎಷ್ಟು ಕಟ್ಟುನಿಟ್ಟಾಗಿ ಎಣಿಸುತ್ತದೆಂಬುದು ಸಾಮಾನ್ಯ ಓದುಗರಿಗೆ ತಿಳಿಯದ ವಿಷಯ. ಓಟಗಾರನ ಬೆನ್ನಿಗೆ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರನ್ನು ಮೀರಿದರೆ ಆ ಹೊತ್ತು ದಾಖಲೆಗೆ ಸಲ್ಲದು. 2011ರಲ್ಲಿ ಅಮೆರಿಕದ ಜಸ್ಟಿನ್ ಗ್ಯಾಟ್ಲಿನ್ ಜಪಾನಿನ ದೂರದರ್ಶನದ ಒಂದು ವಿನೋದ ಕಾರ್ಯಕ್ರಮದಲ್ಲಿ ಹಿಂದಿನಿಂದ ದೊಡ್ಡ ದೊಡ್ಡ ಪಂಖಗಳ ಗಾಳಿ ಬೀಸುತ್ತಿರಲು 9.45 ಸೆಕೆಂಡಿನಲ್ಲಿ 100 ಮೀಟರ್ ಓಡಿದನು. ಅದು ಬೋಲ್ಟನಿಗಿಂತ ವೇಗವೇ! ಆದರೂ ಯಾವ ದಾಖಲೆಯ ಪುಸ್ತಕವೂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬರಿಯ ಗಾಳಿಗೇ ಇಷ್ಟು ನಿರ್ಬಂಧವಿರುವಾಗ ಕೋಣಗಳ ಮಾತೇನು?

ಸೈಕಲ್ ಪಟುಗಳ ತವರೆಂದು ಹೆಸರಾದ ವಿಜಯಪುರದ ತರುಣರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ತಪ್ಪಿ ಸೈಕಲು ಹೇಗೆ ಓಡುತ್ತದೆಂಬುದನ್ನು ರಸ್ತೆಯಲ್ಲಿ ಪೆಡಲು ತುಳಿದವರೆಲ್ಲ ಬಲ್ಲರು. ಈಜು, ಸೈಕಲು, ಓಟ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಟ್ರಯಾಥ್ಲಾನ್ ಎಂಬ ಪಂದ್ಯ 2000ದ ಸಿಡ್ನಿ ಒಲಿಂಪಿಕ್ಸಿನಿಂದ ಆ ಕ್ರೀಡಾಕೂಟದಲ್ಲಿದೆ. ಅದರ ದೀರ್ಘ ದೂರದ ಸ್ಪರ್ಧೆಗಳಲ್ಲಿ ಮುಂದಿನ ಸವಾರನ ಹಿಂದೆಯೇ ಮರೆಯಾಗಿ ಸಾಗುವುದು ಅಪರಾಧ. ತೀರ್ಪುಗಾರನು ಕಂಡರೆ ದಂಡ ತಪ್ಪದು. ಒಂದೂರಿನ ನೀರು ಮತ್ತೊಂದೂರಿನ ನೀರಿನಂತಿಲ್ಲ, ಒಂದರ ಏರು ಇನ್ನೊಂದರಲ್ಲಿಲ್ಲ. ಆದುದರಿಂದ ಆ ಆಟದಲ್ಲಿ ಗಡಿಯಾರಕ್ಕಿಂತ ಯಾರ ಹಿಂದೆ ಯಾರು ಬಂದರೆಂಬುದಕ್ಕೇ ಹೆಚ್ಚು ಬೆಲೆ. ಕಂಬಳದ ಕರೆಗಳಂತೂ ಊರಿಗೊಂದು ಉದ್ದ, ಊರಿಗೊಂದು ಕೆಸರು.

ಇನ್ನು ಸರಾಸರಿಯ ಮೋಸ. ಓಟಗಾರನ ಹೊತ್ತಿನ ದೊಡ್ಡ ಪಾಲು ಆರಂಭದಲ್ಲಿ ಕಳೆಯುತ್ತದೆ. ಬರ್ಲಿನ್ನಿನಲ್ಲಿ ಬೋಲ್ಟನಿಗೆ ಮೊದಲ 10 ಮೀಟರಿಗೇ 1.89 ಸೆಕೆಂಡು ಹಿಡಿಯಿತು. ಓಟ ಉದ್ದವಾದಂತೆ ಆ ಆರಂಭದ ನಷ್ಟ ಹಂಚಿಹೋಗುತ್ತದೆ. ಹೋಲಿಸಲೇಬೇಕೆಂಬ ಹಟವಿದ್ದರೆ ಬೋಲ್ಟನು ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಓಡಿದ 150 ಮೀಟರನ್ನು ತೆಗೆದುಕೊಳ್ಳಬೇಕು: 14.35 ಸೆಕೆಂಡು. ಅದನ್ನು ಅದೇ ರೀತಿ ಭಾಗಿಸಿದರೆ 9.57. ಆ ಓಟದ ಕೊನೆಯ 100 ಮೀಟರನ್ನಷ್ಟೇ ಅಳೆದರೆ 8.70! ಮುಂದೆ ಕೋಣಗಳಿಲ್ಲದೆ ಓಡಿದವನ ಅಂಕಿ ಇದು. ಈ ಲೆಕ್ಕವನ್ನು ಮಾಡುವ ವ್ಯವಧಾನ ಆ ಫೆಬ್ರುವರಿಯಲ್ಲಿ ಹೆಚ್ಚಿನವರಿಗಿರಲಿಲ್ಲ.

ಅದೇ ಋತುವಿನಲ್ಲಿ ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟರು ಗೌಡರಿಗಿಂತ ಮುಂದಾದರು. ಭಾಗಿಸಿದಾಗ ಬಂದದ್ದು 9.51. ಮರುವರ್ಷ ಗೌಡರದೇ ಓಟವೊಂದಕ್ಕೆ 8.78 ಎಂಬ ಅಂಕಿ ಪ್ರಕಟವಾಯಿತು. ನೂರು ಕೋಟಿಗೂ ಮಿಕ್ಕ ಜನರ ದೇಶದಲ್ಲಿ ಒಲಿಂಪಿಕ್ಸಿನ 100 ಮೀಟರಿನ ಪದಕ ಒಬ್ಬರಿಗೂ ದೊರೆತಿಲ್ಲ. ಅಂತಹುದರಲ್ಲಿ ಒಂದೇ ಜಿಲ್ಲೆಯ ಗದ್ದೆಗಳಲ್ಲಿ ಬೋಲ್ಟನನ್ನು ಸೋಲಿಸುವವರು ಸಾಲುಸಾಲಾಗಿ ಏಳುತ್ತಿದ್ದಾರೆಂದರೆ, ಸಂದೇಹ ಪಡಬೇಕಾದದ್ದು ಅಳೆಯುವ ಕೋಲಿನ ಮೇಲೆ.

ಸಂದೇಹ ಪಡುವ ಬದಲು ದೊಡ್ಡವರು ಸಂಭ್ರಮಿಸಿದರು. ಉದ್ಯಮಿ ಆನಂದ್ ಮಹೀಂದ್ರ ಅವರು ಗೌಡರಿಗೆ ತರಬೇತಿ ಕೊಡಿಸಬೇಕೆಂದರು. ಅಂದಿನ ಕೇಂದ್ರ ಕ್ರೀಡಾಸಚಿವ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದ ತರಬೇತುದಾರರಿಂದ ಪರೀಕ್ಷೆ ಮಾಡಿಸುವುದಾಗಿ ಫೆಬ್ರುವರಿ 15ರಂದು ಸಾರಿದರು. ಒಲಿಂಪಿಕ್ಸಿನ ಮಟ್ಟದ ಅರಿವು ಜನಸಾಮಾನ್ಯರಿಗೆ ಸಾಲದೆಂದು ಅದೇ ಹೇಳಿಕೆಯಲ್ಲಿ ಅವರು ನುಡಿದದ್ದು ಸರಿಯಾಗಿಯೇ ಇತ್ತು. ಆದರೆ ಆ ಅರಿವಿಲ್ಲದ ಕೂಗಿಗೇ ಓಗೊಟ್ಟು ಪರೀಕ್ಷೆಗೆ ಕರೆದದ್ದು ಹೇಗೆ ಸರಿ? ಕುಸ್ತಿಯ ಪೈಲವಾನನನ್ನು ಕಬಡ್ಡಿಯ ಅಂಕಣಕ್ಕಿಳಿಸಿ ಅವನ ಯೋಗ್ಯತೆಯನ್ನು ಅಳೆದಂತೆ ಆಗುತ್ತಿತ್ತು.

ಇಂತಹ ಪರೀಕ್ಷೆಯ ಫಲ ಏನೆಂಬುದಕ್ಕೆ ಉದಾಹರಣೆ ಹಿಂದಿನ ವರ್ಷದ್ದೇ ಇತ್ತು. 2019ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಹಳ್ಳಿಯ ತರುಣನೊಬ್ಬನು ಬರಿಗಾಲಿನಲ್ಲಿ 11 ಸೆಕೆಂಡಿಗೆ 100 ಮೀಟರ್ ಓಡಿದನೆಂಬ ಚಿತ್ರ ಹಬ್ಬಿತು. ಅವನನ್ನು ಭೋಪಾಲಕ್ಕೆ ಕರೆಸಿ ಓಡಿಸಿದರು. 12.9 ಸೆಕೆಂಡು, ಎಲ್ಲರಿಗಿಂತ ಹಿಂದೆ. ಕೇಳಿಕೊಳ್ಳದ ಕಿರೀಟವನ್ನು ತಲೆಗಿಟ್ಟವರೇ ಅದನ್ನು ಎಲ್ಲರೆದುರಿಗೆ ಕಿತ್ತುಕೊಂಡಂತಾಯಿತು. ಪ್ರಚಾರದ ಭಾರ ಅವನನ್ನು ಕುಗ್ಗಿಸಿತೆಂದು ಸಚಿವರು ಸಮಾಧಾನ ಹೇಳಿದರು.

ಈ ಇಡೀ ಗದ್ದಲದಲ್ಲಿ ತಲೆ ನೆಟ್ಟಗೆ ಇಟ್ಟುಕೊಂಡವರೆಂದರೆ ಶ್ರೀನಿವಾಸ ಗೌಡರು. ಬೋಲ್ಟ್ ವಿಶ್ವವಿಜೇತ, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದರು. ಗೆಲುವಿನಲ್ಲಿ ಕೋಣಗಳ ಪಾಲನ್ನು ತಾವಾಗಿಯೇ ಎತ್ತಿ ಹೇಳಿದರು. ಅವರನ್ನು ತರಬೇತು ಮಾಡಿದ ಕಂಬಳ ಅಕಾಡೆಮಿಯ ಗುಣಪಾಲ ಕಡಂಬರೂ ಇಂತಹ ಹೋಲಿಕೆಗೆ ಒಪ್ಪಲಿಲ್ಲ. ಫೆಬ್ರುವರಿ 17ರಂದು ಬೆಂಗಳೂರಿನಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 3 ಲಕ್ಷ ರೂಪಾಯಿ ನೀಡಿ ಗೌಡರನ್ನು ಸನ್ಮಾನಿಸಿದರು. ಪರೀಕ್ಷೆಗೆ ಮಾತ್ರ ಅವರು ಒಲ್ಲೆನೆಂದರು. ಕಂಬಳದಲ್ಲಿ ಊರುವುದು ಹಿಮ್ಮಡಿ, ಓಟದ ಪಂದ್ಯದಲ್ಲಿ ಊರುವುದು ಮುಂಗಾಲು. ಇದು ಬೇರೆ, ಅದು ಬೇರೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಕಟ್ಟಡದ ಕೆಲಸಗಾರನಿಗೆ ಹೊಳೆದ ಈ ಭೇದ ದೆಹಲಿಗೆ ಹೊಳೆಯಲಿಲ್ಲ!

ಗೌಡರು ಪಾರಾದರು. ಆದರೆ ಅನ್ಯಾಯ ಇನ್ನೊಂದು ಕಡೆಯಲ್ಲಿ ಸದ್ದಿಲ್ಲದೆ ನಡೆದಿತ್ತು. ಆಗ ಭಾರತದ 100 ಮೀಟರಿನ ದಾಖಲೆ 10.26, 2016ರಲ್ಲಿ ಒಡಿಶಾದ ಅಮಿಯ ಕುಮಾರ್ ಮಲ್ಲಿಕ್ ದೆಹಲಿಯಲ್ಲಿ ಸ್ಥಾಪಿಸಿದ್ದು. 9.55ರ ಸುದ್ದಿಯನ್ನು ನಂಬಿದವನ ಕಣ್ಣಿಗೆ 10.26 ಏನಾಗಿ ಕಾಣಬೇಕು? ಹಗಲಿರುಳು ಅಭ್ಯಾಸ ಮಾಡಿಯೂ ಗದ್ದೆಯಲ್ಲಿ ಓಡುವವನಿಗಿಂತ 0.71 ಸೆಕೆಂಡು ಹಿಂದೆ ಬಿದ್ದ ಸೋಮಾರಿಯಾಗಿ! ‘ನಮ್ಮ ಓಟಗಾರರೇನು ಮಾಡುತ್ತಿದ್ದಾರೆ?’ ಎಂಬ ಪ್ರಶ್ನೆ ಅಂತಹ ಸುದ್ದಿಯ ಬೆನ್ನಿಗೇ ಹುಟ್ಟುತ್ತದೆ.

ಅವರು ಮಾಡುತ್ತಿದ್ದುದು ಇಷ್ಟು. ಆ 10.26ರಿಂದ ನೂರನೆಯ ಮೂರು ಸೆಕೆಂಡು ಇಳಿಸಲು ಏಳು ವರ್ಷ ಹಿಡಿಯಿತು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದವರೇ ಆದ ಮಣಿಕಂಠ ಹೋಬಳಿದಾರ್ 10.23ಕ್ಕೆ ಓಡಿದರು. ಗಾಳಿಯನ್ನು ಅಳೆದು, ಹೊರಡುವ ಸದ್ದಿನಿಂದ ಹೊತ್ತನ್ನು ಎಣಿಸಿ ಬರೆದ ಅಂಕಿಗಳಿವು. 2025ರ ಮಾರ್ಚಿನಲ್ಲಿ ಅದೇ ಬೆಂಗಳೂರಿನಲ್ಲಿ ಗುರಿಂದರ್‌ವೀರ್ ಸಿಂಗ್ ಅದನ್ನು 10.20ಕ್ಕೆ ಇಳಿಸಿದರು. ಜುಲೈ ತಿಂಗಳಲ್ಲಿ ಗ್ರೀಸಿನಲ್ಲಿ ಓಡಿದ ಅನಿಮೇಶ್ ಕುಜೂರರದು 10.18.