ಎಳೆಗೂಸಿನ ಹೃದಯಕ್ಕೆ ಹೊರಗಿನ ಆಸರೆ: ಎಕ್ಮೊ ಎಂದರೇನು?

ನಾವು ವೈದ್ಯರಲ್ಲ, ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವವರು. ಆದರೂ ಈ ವಿಷಯ ಓದಿ ಬರೆಯಲು ಕಾರಣವಿದೆ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷ ಇರುತ್ತದೆ. ಅಂಥ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ವರ್ಷ ತುಂಬುವುದರೊಳಗೆ ಆಪರೇಷನ್ ಬೇಕಾಗಬಹುದು. ನಡುರಾತ್ರಿ ವೈದ್ಯರು ಬಂದು "ಎಕ್ಮೊಗೆ ಹಾಕಬೇಕು, ಸಹಿ ಮಾಡಿ" ಎಂದಾಗ ಅಪ್ಪ ಅಮ್ಮ ಆ ಪದವನ್ನು ಮೊದಲ ಸಲ ಕೇಳುವಂತಾಗಬಾರದು.

ಎಕ್ಮೊ ಅಂದರೆ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಮೈ ಹೊರಗೆ ಮಾಡುವ ಯಂತ್ರ. ಮಗುವಿನ ಕತ್ತಿನ ಬಲಭಾಗದ ರಕ್ತನಾಳಗಳಿಗೆ, ಇಲ್ಲವೇ ಆಪರೇಷನ್ ಆಗಿದ್ದರೆ ನೇರ ಎದೆಗೇ, ಎರಡು ಕೊಳವೆ ಹಾಕುತ್ತಾರೆ. ಒಂದರಿಂದ ಕಪ್ಪು ರಕ್ತ ಹೊರಬರುತ್ತದೆ. ಪಂಪು ಅದನ್ನು ಕೃತಕ ಶ್ವಾಸಕೋಶದ ಮೂಲಕ ತಳ್ಳುತ್ತದೆ, ಅಲ್ಲಿ ಆಮ್ಲಜನಕ ಸೇರಿ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಬೆಚ್ಚಗಾದ ಕೆಂಪು ರಕ್ತ ಇನ್ನೊಂದರಿಂದ ಒಳಗೆ ಹೋಗುತ್ತದೆ. 1953ರಲ್ಲಿ ಡಾ. ಜಾನ್ ಗಿಬ್ಬನ್ ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಯಂತ್ರದ ತತ್ವವೇ ಇದು. ಆದರೆ ಅದು ಕೆಲವು ಗಂಟೆಗೆ, ಇದು ದಿನಗಟ್ಟಲೆ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾ. ರಾಬರ್ಟ್ ಬಾರ್ಟ್‌ಲೆಟ್ ಇದರಿಂದ ಒಂದು ನವಜಾತ ಶಿಶುವನ್ನು ಉಳಿಸಿದರು. ಆ ಮಗುವಿಗೆ ದಾದಿಯರು ಇಟ್ಟ ಹೆಸರು ಎಸ್ಪೆರಾನ್ಸಾ, ಅಂದರೆ ಭರವಸೆ. ಅದರ ತೊಂದರೆ ಶ್ವಾಸಕೋಶದ್ದು. ಹೃದಯದ ಮಕ್ಕಳಿಗೆ ಬಳಕೆ ಬೆಳೆದದ್ದು ಆಮೇಲೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎಕ್ಮೊ ಯಾವ ಕಾಯಿಲೆಯನ್ನೂ ವಾಸಿಮಾಡುವುದಿಲ್ಲ. ಆಪರೇಷನ್ ನಂತರ ದಣಿದ ಹೃದಯ ಚೇತರಿಸಿಕೊಳ್ಳಲು, ಅಥವಾ ಆಪರೇಷನ್ನಿಗೆ ಮಗು ತಯಾರಾಗಲು, ಅದು ಸಮಯ ಕೊಡುತ್ತದೆ, ಅಷ್ಟೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಅದರಿಂದಲೇ ಮೆದುಳಿನಲ್ಲಿ ರಕ್ತಸ್ರಾವದ ಭಯ. ಹಾಗಾಗಿ ನೆತ್ತಿಯ ಮೇಲಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಹೃದಯದ ಕಾರಣಕ್ಕೆ ಎಕ್ಮೊ ಸೇರುವ ನವಜಾತ ಶಿಶುಗಳಲ್ಲಿ ಮನೆಗೆ ಮರಳುವವು ಅರ್ಧಕ್ಕಿಂತ ಕಡಿಮೆ. ಕೇಳಲು ಕಷ್ಟ, ಆದರೆ ಇದನ್ನು ಮುಚ್ಚಿಡುವುದು ನಮಗೆ ಸರಿ ಕಾಣುವುದಿಲ್ಲ. ಮೂಲ ದೋಷ ಸರಿಹೋಗುವಂಥದ್ದೇ, ಎಷ್ಟು ದಿನ ನೋಡುತ್ತೀರಿ, ಚೇತರಿಕೆ ಕಾಣದಿದ್ದರೆ ಮುಂದೇನು ಎಂದು ಸಹಿಗೆ ಮುಂಚೆಯೇ ಕೇಳಿ. ಇಂಗ್ಲಿಷಿನಲ್ಲಿ ತಡವರಿಸುವ ಅಜ್ಜಿ ತಾತ ಜೊತೆಗಿದ್ದರೆ ದುಭಾಷಿಯನ್ನೂ ಕೇಳಬಹುದು.

ನಮ್ಮ ಅದೃಷ್ಟಕ್ಕೆ ಡರ್ಹಮ್‌ನ ಡ್ಯೂಕ್, ಚಾಪೆಲ್ ಹಿಲ್‌ನ ಯು.ಎನ್.ಸಿ. ಎರಡೂ ಹತ್ತಿರದಲ್ಲೇ ಇವೆ. ಬೆಂಗಳೂರಿನಲ್ಲಿ ಡಾ. ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯದಲ್ಲೂ ಎಕ್ಮೊ ಇದೆ. ದೋಷ ಬೇಗ ಗೊತ್ತಾಗಲೆಂದು ಶಿಶುವಿನ ಕೈಕಾಲಿಗೆ ಸೆನ್ಸರ್ ಕಟ್ಟಿ ಆಮ್ಲಜನಕ ಅಳೆಯುವ ಪರೀಕ್ಷೆಗೆ ಉತ್ತರ ಕ್ಯಾರೋಲೈನಾ 2013ರಲ್ಲಿ ಕಾನೂನು ಮಾಡಿತು. ನೋವಿಲ್ಲ, ಕೆಲವೇ ನಿಮಿಷ.

ಇನ್ನು ರಕ್ತದ ಮಾತು. ಮೂರು ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ಯಂತ್ರದ ಕೊಳವೆಗಳನ್ನು ಅದರಿಂದ ತುಂಬಿಸಲಾಗದು, ಯಾರೋ ದಾನ ಮಾಡಿದ ರಕ್ತವೇ ಬೇಕು. ಊರಿಗೆ ಹೋಗಿ ಬಂದವರು ಮಲೇರಿಯಾ ನಿಯಮದಿಂದಾಗಿ ಕೆಲವು ತಿಂಗಳು ಕಾಯಬೇಕಾಗಬಹುದು; ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸಿಕೊಳ್ಳಿ.